ಡಾಂಬರ್ ಗುಳಿಗೆಯ ಕೌದಿ

ಜನವರಿ ೧೧, ಶನಿವಾರ, ಬೆಳಿಗ್ಗೆ ಹತ್ತೂವರೆ. ಅಕ್ಕನ ಅತ್ತೆ ಔರಾದದ ಬಸ್ಸಿಳಿದು ಭಾಲ್ಕಿಯ ನಮ್ಮ ಮನೆಗೆ ಬಂದದ್ದು ಆಗ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗುವಿಗೆ ಮೂರು ದಿನ. ಅತ್ತೆಯ ಕಂಕುಳಲ್ಲಿ ಒಂದು ಕೌದಿ, ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದದ್ದು. ಭಾವನೂ ಹುಟ್ಟಿದಾಗ ಅದರಲ್ಲೇ ಮಲಗಿದ್ದರಂತೆ. ಹೆಸರಿಡುವವರೆಗೆ ನಮ್ಮಲ್ಲಿ ಕೂಸಿಗೆ ಹೊಸ ಬಟ್ಟೆ ಸೋಕಿಸುವುದಿಲ್ಲ. ಹಿರಿಯರು ಉಟ್ಟು ಮೆತ್ತಗಾದದ್ದೇ ಬೇಕು.

"ಏನ್ ವಾಸನಿ ರೀ ಬೀಗ್ತೇರ, ಕೂಸಿಗಿ ಸೀನು ಬರ್ತದ," ಎಂದಳು ಅಮ್ಮ.

"ಬರ್ಲಿ ಬಿಡ್ರಿ, ಅದು ಔರಾದದ ವಾಸನಿ. ನಿಮ್ಮ ಭಾಲ್ಕಿ ಗಾಳಿ ಕುಡದು ನನ್ನ ಮೊಮ್ಮಗ ಮೆತ್ತಗ ಆಗಬಾರ್ದು ನೋಡ್ರಿ!"

ಎಲ್ಲರೂ ನಕ್ಕೆವು. ಚಳಿಯಿತ್ತು. ಅತ್ತೆ ಕೌದಿಯನ್ನು ಮಗುವಿನ ಗಲ್ಲದವರೆಗೆ ಎಳೆದು ಸುತ್ತಿದರು.

ಹಾಲು, ನಿದ್ದೆ, ಒದ್ದೆ ಬಟ್ಟೆಗಳ ಲೆಕ್ಕ ನಾನು ಬರೆದಿಡುತ್ತಿದ್ದೆ. ಸೋಮವಾರ: ಕಣ್ಣು ಹಳದಿ. ಎಳೆಮಕ್ಕಳಿಗೆ ಆಗುವುದೇ, ಬಿಸಿಲು ತೋರಿಸಿ ಎಂದರು ಓಣಿಯವರು. ತೋರಿಸಿದೆವು, ಅದೇ ಕೌದಿಯಲ್ಲಿ ಸುತ್ತಿ. ಕೌದಿ ಬೆಚ್ಚಗಾದಷ್ಟೂ ವಾಸನೆ ಏರುತ್ತಿತ್ತು. ಬುಧವಾರ: ಮೂತ್ರ ಚಹಾದ ಬಣ್ಣ, ಹಾಲು ಒಂದೇ ಸಲ. ಅಲ್ಲಿಂದ ಮುಂದೆ ನಾನು ಬರೆದಿಲ್ಲ.

ಅಂದೇ ಬೀದರಿನ ಆಸ್ಪತ್ರೆಗೆ ಒಯ್ದೆವು; ಅತ್ತೆ ಜೊತೆಗೇ ಬಂದರು, ಭಾವನೂ ಬಂದು ಸೇರಿದರು. ಅಲ್ಲಿ ವೈದ್ಯರು ಕೌದಿ ಬಿಚ್ಚುತ್ತಿದ್ದವರು ನಿಂತು, ಅದನ್ನು ಮೂಸಿದರು.

"ಇದನ್ನ ಎಲ್ಲಿ ಇಟ್ಟಿದ್ರಿ?"

"ಸಂದೂಕದಾಗ ರೀ ಸಾಹೇಬ್ರ," ಅತ್ತೆಯ ದನಿಯಲ್ಲಿ ಹೆಮ್ಮೆ. "ಡಾಂಬರ್ ಗುಳಿಗಿ ಹಾಕಿ ಇಟ್ಟಿದ್ದೆ. ಇಷ್ಟ್ ವರ್ಷ ಆತು, ಒಂದ್ ಹುಳ ಮುಟ್ಟಿಲ್ಲ ನೋಡ್ರಿ."

ವೈದ್ಯರು ಭಾವನನ್ನೂ ನನ್ನನ್ನೂ ಹೊರಗೆ ಕರೆದರು. ಬಟ್ಟೆಗೆ ಹುಳ ಬೀಳದಂತೆ ಇಡುವ ಆ ಬಿಳಿ ಗುಳಿಗೆಯ ಆವಿ ಕೆಲವು ಮಕ್ಕಳ ರಕ್ತಕಣಗಳನ್ನು ಒಡೆಯುತ್ತದೆ, ಈ ಕಾಮಾಲೆ ಅದರಿಂದಲೇ, ಯಾವ ಮಕ್ಕಳದು ಎಂದು ಮುಖ ನೋಡಿ ತಿಳಿಯುವುದಿಲ್ಲ ಎಂದರು. ಮಗುವಿನ ರಕ್ತ ಬದಲಿಸಿದರು. ಶುಕ್ರವಾರ ಮಧ್ಯಾಹ್ನ ಮಗು ಹೋಯಿತು. ಹೆಸರಿಟ್ಟಿರಲಿಲ್ಲ. ಅದಕ್ಕೆ ಹೊಸ ಬಟ್ಟೆ ತೊಡಿಸಿದ್ದು ಮಣ್ಣು ಮಾಡುವ ಹೊತ್ತಿಗೆ.

"ಕೌದಿ ಮಾತು ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ," ಎಂದಳು ಅಕ್ಕ. "ಆಕಿ ಬದಕಂಗಿಲ್ಲ."

ಕಾಮಾಲೆ ಎಂದಷ್ಟೇ ಹೇಳಿದೆವು. ಅತ್ತೆ ಕೌದಿಯನ್ನು ಮಡಚಿ ಎದೆಗವಚಿಕೊಂಡು ಔರಾದಕ್ಕೆ ಒಯ್ದರು. ಯಾರೂ ತಡೆಯಲಿಲ್ಲ.

ಈಗ ಅಕ್ಕ ಮತ್ತೆ ಬಸುರಿ, ಏಳು ತಿಂಗಳು. ನಿನ್ನೆ ಅವಳಿಗೆ ಅತ್ತೆಯ ಫೋನು: "ಕೌದಿ ಜ್ವಾಪಾನ ಇಟ್ಟೇನವ್ವ. ಈ ಸಲ ಗುಳಿಗಿ ಜಾಸ್ತಿ ಹಾಕೇನಿ."

ಅಕ್ಕ ಫೋನನ್ನು ನನ್ನ ಕೈಗಿಟ್ಟಳು. "ಹ್ಞೂಂ ರೀ," ಎಂದು ಇಟ್ಟುಬಿಟ್ಟೆ.

ಹೆರಿಗೆಗೆ ಮೊದಲು ಔರಾದಕ್ಕೆ ಹೋಗುವವನು ನಾನೇ. ಸಂದೂಕ ತೆಗೆಸಬೇಕು, ಅದಕ್ಕೂ ಮೊದಲು ಹೇಳಬೇಕು. ಒಗೆದು ತಿಂಗಳುಗಟ್ಟಲೆ ಗಾಳಿಗೆ ಹಾಕಿದರೆ ಆ ವಿಷ ಪೂರ್ತಿ ಹೋಗುತ್ತದೆಯೇ, ಅಥವಾ ಕೌದಿಯನ್ನೇ ಬಿಡಬೇಕೇ? ಬಲ್ಲವರು ದಯವಿಟ್ಟು ಬರೆಯಿರಿ. ಇಂಥದ್ದನ್ನು ಒಬ್ಬ ಅಜ್ಜಿಗೆ ಹೇಳಿದವರು ಯಾರಾದರೂ ಇದ್ದರೆ, ಮೊದಲ ಮಾತು ಏನೆಂದು ಆಡಿದಿರಿ, ಅದನ್ನೂ ಬರೆಯಿರಿ.