ಒಕ್ಕೂಟದ ಕಾರ್ಯದರ್ಶಿ ವರ್ಲಿನ್
ನೆಬ್ರಾಸ್ಕಾದ ಜೋಳದ ಸೀಮೆಯ ಎಂಟು ಹೈಸ್ಕೂಲುಗಳ ಕ್ರೀಡಾ ಒಕ್ಕೂಟಕ್ಕೆ ವರ್ಲಿನ್ ಹೋಲ್ಟ್‌ಮನ್ ಇಪ್ಪತ್ತಾರು ವರ್ಷಗಳಿಂದ ಕಾರ್ಯದರ್ಶಿ. ಯಾವ ಶುಕ್ರವಾರ ಯಾರು ಯಾರ ಮೈದಾನಕ್ಕೆ ಹೋಗಬೇಕೆಂಬುದು ಅವನ ನಾಲಿಗೆಯ ತುದಿಯಲ್ಲಿದೆ. ಹೆಂಡತಿಯ ಹುಟ್ಟುಹಬ್ಬ ಮಾತ್ರ ಮರೆತುಹೋಗುತ್ತದೆ. ಹಿಮ ಬಿದ್ದು ಬಸ್ಸು ನಿಂತರೆ ಎಂಟೂ ಊರಿಗೆ ತಾನೇ ಫೋನು ಮಾಡಿ, "ಆಟ ಮುಂದಕ್ಕೆ ಹೋಯ್ತು ಕಣ್ರಪ್ಪಾ, ಪ್ರಪಂಚ ಏನೂ ಮುಳುಗಿಲ್ಲ" ಎನ್ನುತ್ತಾನೆ. ಐವತ್ತು ಅಂಕಗಳಿಂದ ಸೋತ ತಂಡದವರ ಬೆನ್ನನ್ನೂ ಗೆದ್ದವರದನ್ನು ತಟ್ಟುವಷ್ಟೇ ಜೋರಾಗಿ ತಟ್ಟಿ ಕೆಮ್ಮಿಸುತ್ತಾನೆ. ಕಳೆದ ವಸಂತದಲ್ಲಿ, ನಲವತ್ತೊಂದೇ ಮಕ್ಕಳಿದ್ದ ಆಲ್ಡರ್ ಕ್ರೀಕ್ ಶಾಲೆಯನ್ನು ಕೈಬಿಡದಿದ್ದರೆ ತಾವೇ ಹೊರಡುತ್ತೇವೆಂದು ದೊಡ್ಡ ಶಾಲೆಗಳು ಪಟ್ಟು ಹಿಡಿದವು. ಉಳಿದ ಏಳು ಶಾಲೆಗಳು ಗುಟ್ಟಾಗಿ ಚೀಟಿ ಹಾಕಿದವು. ಕೈಬಿಡಲು ನಾಲ್ಕು, ಉಳಿಸಿಕೊಳ್ಳಲು ಮೂರು; ಆಲ್ಡರ್ ಕ್ರೀಕ್ ಹೊರಬಿತ್ತು. ಅಲ್ಲಿನ ಹುಡುಗಿಯರ ವಾಲಿಬಾಲ್ ಕೋಚ್ ನೋರೀನ್ ಸಭೆಯ ಬಾಗಿಲಲ್ಲೇ ವರ್ಲಿನ್‌ನ ಎರಡೂ ಕೈ ಹಿಡಿದುಕೊಂಡಳು. "ಆ ಮೂರರಲ್ಲಿ ಒಂದು ನಿಂದೇ ಅಂತ ನಂಗೊತ್ತು, ಮಾರಾಯ. ನಮ್ಮ ಹುಡುಗೀರಿಗೂ ಹೇಳಿದೀನಿ." ತನ್ನೂರಿನ ಶಾಲೆಯ ಪರವಾಗಿ ಹಾಕಿದ ಚೀಟಿಯಲ್ಲಿ 'ಆಲ್ಡರ್ ಕ್ರೀಕ್ ಬೇಡ' ಎಂದು ಬರೆದಿದ್ದ ವರ್ಲಿನ್, "ಅಯ್ಯೋ, ಅದೇನು ಮಹಾ ಬಿಡು" ಎಂದ. ಅಂದಿನಿಂದ ಅವನು ಆಲ್ಡರ್ ಕ್ರೀಕ್ ಊರು ದಾಟಬೇಕಾದಾಗಲೆಲ್ಲ ಹನ್ನೆರಡು ಮೈಲಿ ಸುತ್ತುಹಾಕಿಕೊಂಡು ಹೋಗುತ್ತಾನೆ.