ಆಂಟಿ ತೋರಿಸಿದ ತಲೆಕೆಳಗಿನ ಮನುಷ್ಯ

ಮೊಮ್ಮಗಳು ಭವಿಷ್ಯ ಹೇಳುವ ಕಾರ್ಡುಗಳನ್ನು ಕೊಂಡು ತಂದಿದ್ದಾಳೆ. ಟ್ಯಾರೋ ಅಂತೆ. ಬೊರಿವಲಿಯ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, "ಅಜ್ಜಿ, ಏಕ್ ಕಾರ್ಡ್ ತೆಗಿ ನಾ, ಪ್ಲೀಸ್" ಎಂದಳು. ಕನ್ನಡಕ ಸರಿಮಾಡಿಕೊಂಡು ಬಾಗಿದೆ. ಅಷ್ಟೂ ಚಿತ್ರಗಳ ನಡುವೆ ಅವನಿದ್ದ. ಒಂದು ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಮರದಿಂದ ತಲೆಕೆಳಗಾಗಿ ತೂಗುವವನು. ಇನ್ನೊಂದು ಕಾಲು ಮಡಚಿದೆ, ಕೈಗಳು ಬೆನ್ನ ಹಿಂದಿವೆ, ತಲೆಯ ಸುತ್ತ ಬೆಳಕು... ಹೊಸ ಕಾರ್ಡಿಗೆ ಹೊಸ ಮಸಿಯ ವಾಸನೆಯೇ ಇದ್ದೀತು. ನನ್ನ ಮೂಗಿಗೆ ಬಂದದ್ದು ಮಾತ್ರ ಡಾಂಬರು ಗುಳಿಗೆಯ ವಾಸನೆ.

ಆಂಟಿಯ ಕಾರ್ಡುಗಳಿಗೆ ಆ ವಾಸನೆಯಿತ್ತು. ಐವತ್ತರ ದಶಕದಲ್ಲಿ ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು, ಪಕ್ಕದ ಖೋಲಿ ಅವರದು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಗಂಡ ತೀರಿಕೊಂಡಿದ್ದರು. ಹಡಗಿನಲ್ಲಿ ಅಡುಗೆಯವರಾಗಿದ್ದ ಆತ ಯಾವುದೋ ಬಂದರಿನಿಂದ ಆ ಕಾರ್ಡುಗಳನ್ನು ತಂದುಕೊಟ್ಟಿದ್ದರಂತೆ. ಆಂಟಿ ಅವನ್ನು ಕರಿ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಡುತ್ತಿದ್ದರು. ಕಾರ್ಡು ಹಾಕುವ ಮುಂಚೆ ಗೋಡೆಯ ಮೇಲಿನ ಮೇರಿ ಮಾತೆಯ ಚಿತ್ರಕ್ಕೆ ಟವೆಲ್ ಹೊದಿಸುವುದು ಅವರ ಪದ್ಧತಿ. "ಅಮ್ಮ ನೋಡುವುದು ಬೇಡ" ಎನ್ನುವರು. ಮುಗಿದ ಮೇಲೆ ಟವೆಲ್ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡು ಕ್ಷಮೆ ಕೇಳುವರು. ಅಮ್ಮನಿಗೆ ಕಿವಿ ಇಲ್ಲವೇ ಎಂದು ನಾನು ಕೆಣಕುತ್ತಿದ್ದೆ. ಆಗ ಇನ್ನೂ ನಗು ಬರುತ್ತಿತ್ತು.

ಒಂದು ಬೆಳಗ್ಗೆ ನಮ್ಮವರು ದಾದರಿಗೆ ಹೋಗಿ ಬರುತ್ತೇನೆಂದು ಹೋದರು. ಬರಲಿಲ್ಲ.

ಜಗಳವಾಗಿರಲಿಲ್ಲ, ಕೆಲಸ ಹೋಗಿರಲಿಲ್ಲ. ಆಗಿದ್ದರೆ ಒಂದು ಕಾರಣವಾದರೂ ಇರುತ್ತಿತ್ತು. ಪೊಲೀಸ್ ಚೌಕಿ, ಆಸ್ಪತ್ರೆ, ಹೆಣ ಇಡುವ ಕೋಣೆ ಎಲ್ಲ ಸುತ್ತಿದೆ. ಕಾಣೆಯಾದ ಕನ್ನಡದವನು ಕೊನೆಗೆ ಉಡುಪಿ ಹೋಟೆಲಿನಲ್ಲಿ ಸಿಗುತ್ತಾನೆ ಎಂದು ಯಾರೋ ಹೇಳಿದರು. ಮಗಳನ್ನು ಸೊಂಟಕ್ಕೇರಿಸಿಕೊಂಡು ದಾದರಿನ ಹೋಟೆಲುಗಳ ಹಿಂಬಾಗಿಲಿಗೆಲ್ಲ ಹೋದೆ. ಒಲೆಯ ಮುಂದೆ ನಿಂತವರ, ತಟ್ಟೆ ತೊಳೆಯುವವರ ಮುಖ ನೋಡುತ್ತಿದ್ದೆ. ಯಾರೂ ಗದರಿಸಲಿಲ್ಲ. ಮಗುವಿನ ಕೈಗೆ ಇಡ್ಲಿ ಕೊಟ್ಟು ಕಳಿಸುತ್ತಿದ್ದರು. ಅದನ್ನು ನೋಡಿಯೇ ನನಗೆ ಇನ್ನಷ್ಟು ಅಳು ಬರುತ್ತಿತ್ತು.

ವರ್ಷ ಕಳೆದ ಮೇಲೆ ಧಾರವಾಡದ ಕಡೆಯಿಂದ ನಮ್ಮ ಭಾವ ಬಂದರು. ಕೆಟ್ಟವರಲ್ಲ. ತಮ್ಮನ ಅಂಗಿ ಗೂಟಕ್ಕೆ ತೂಗುತ್ತಿದ್ದುದನ್ನು ನೋಡಿ ಬಾಗಿಲಲ್ಲೇ ಅತ್ತವರು. ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು: "ತಂಗೀ, ಅವ್ವನ ಕನಸಿನ್ಯಾಗ ದಿನಾ ಬರತಾನ. ನೀರ ಕೊಡ್ರಿ, ನೀರ ಕೊಡ್ರಿ ಅಂತಾನ. ಬದುಕಿದಾಂವ ಹಂಗ ಕೇಳ್ತಾನೇನವಾ?" ಊರಿನಲ್ಲಿ ದರ್ಭೆಯ ಗೊಂಬೆ ಮಾಡಿ, ಅದನ್ನೇ ಅವನೆಂದು ಸುಟ್ಟು, ಕರ್ಮ ಮುಗಿಸುವುದೆಂದು ಹಿರಿಯರು ತೀರ್ಮಾನಿಸಿದ್ದರು. ನಾನೂ ಹೋಗಬೇಕು. ಅಲ್ಲಿ ನನ್ನ ಕುಂಕುಮ ಅಳಿಸಿ, ತಾಳಿ ತೆಗೆಯುತ್ತಾರೆ. ಅದನ್ನು ಭಾವ ಬಾಯಿಬಿಟ್ಟು ಹೇಳಲಿಲ್ಲ, ನೆಲ ನೋಡಿದರು.

ಮರುದಿನವೇ ಗಾಡಿ. ಮಗಳನ್ನು ಭಾವನ ಹತ್ತಿರ ಬಿಟ್ಟು ಪಕ್ಕದ ಖೋಲಿಗೆ ನುಗ್ಗಿ, "ಆಂಟಿ, ಇದ್ದಾರೋ ಸತ್ತಾರೋ ಹೇಳಿಬಿಡ್ರಿ" ಎಂದೆ. ಅವರು ಮೇರಿ ಮಾತೆಗೆ ಟವೆಲ್ ಹೊದಿಸಿದರು, ಕಾರ್ಡುಗಳನ್ನು ಕಲಸಿ ಮುಂದಿಟ್ಟರು. ನಾನು ಒಂದನ್ನು ಎಳೆದೆ. ಆಂಟಿ ಅದನ್ನು ತಮ್ಮ ಕಡೆಗೆ ಮಗುಚಿಟ್ಟರು.

ಎದುರು ಕೂತಿದ್ದ ನನಗೆ ಕಂಡದ್ದೇ ಬೇರೆ. ಒಬ್ಬ ಒಂಟಿಗಾಲಲ್ಲಿ ನಿಂತಿದ್ದಾನೆ, ಕೈ ಹಿಂದೆ ಕಟ್ಟಿದ್ದಾನೆ, ತಲೆಯ ಸುತ್ತ ತೇಜಸ್ಸು! ನಮ್ಮಂಥವರ ಕಣ್ಣಿಗೆ ಇನ್ನೇನು ಕಾಣಬೇಕು? ಭಗೀರಥನ ಕತೆ ಕೇಳಿ ಬೆಳೆದವಳು ನಾನು. "ತಪಸ್ಸಿಗೆ ನಿಂತಾರ! ಸನ್ಯಾಸಿ ಆಗ್ಯಾರ ಆಂಟಿ, ಬದುಕ್ಯಾರ!" ಎಂದು ಹುಚ್ಚಿಯ ಹಾಗೆ ಅವರ ಕೈ ಹಿಡಿದುಕೊಂಡೆ. ಆ ಗಳಿಗೆಯ ಸಂತೋಷ... ಅಂಥದ್ದು ನನಗೆ ಮತ್ತೆ ಯಾವತ್ತೂ ಸಿಗಲಿಲ್ಲ.

ಅವರು ಸುಮ್ಮನಿದ್ದು ಬಿಡಬಹುದಿತ್ತು. "ಅಲ್ಲ ಮಾರಾಯ್ತಿ" ಎಂದರು. "ನಿನ್ನ ಬದಿಯಿಂದ ಹಾಗೆ ಕಾಣ್ತದೆ. ಇಲ್ಲಿ ಬಾ, ನನ್ನ ಬದಿಗೆ ಬಂದು ನೋಡು."

ಎದ್ದು ಅವರ ಪಕ್ಕ ಕೂತೆ. ತಪಸ್ವಿ ತಲೆಕೆಳಗಾಗಿ ತೂಗುತ್ತಿದ್ದ. ಉರುಳು ಹಾಕಿಕೊಂಡರೇ ಎಂದು ಚೀರಿದೆ. ಆಂಟಿ ನನ್ನ ಬೆರಳು ಹಿಡಿದು ಆ ಹಗ್ಗದ ಮೇಲಿಟ್ಟರು.

"ಹಗ್ಗ ಕುತ್ತಿಗೆಗೆ ಇಲ್ಲ, ಕಾಲಿಗೆ ಉಂಟು, ನೋಡು. ಸಾವಿನ ಎಲೆ ಬೇರೆ ಉಂಟು, ಇದಲ್ಲ. ಮುಖದಲ್ಲಿ ನೋವುಂಟಾ? ಇಲ್ಲ. ಇವ ಕಾಯುವವ. ನೆಲವೂ ಇಲ್ಲ, ಆಕಾಶವೂ ಇಲ್ಲ. ಲೋಕ ಎಲ್ಲ ತಲೆಕೆಳಗೆ ಕಾಣುವಾಗ ಮಾತ್ರ ತಿಳಿಯುವಂಥದ್ದು ಏನೋ ಉಂಟು, ಆ ಬೆಳಕು ಅದು."

"ಹಂಗಾರ ನಮ್ಮವರು ಎಲ್ಲೋ ಕಾಯಾಕತ್ತಾರೇನು?"

"ನಿನ್ನ ಗಂಡನ ವಿಷಯ ನನಗೆ ಗೊತ್ತಿಲ್ಲ. ಎಲೆ ತೆಗೆದದ್ದು ಯಾರು? ನೀನು. ಹಾಗಾದ್ರೆ ಇವ ನೀನೇ."

ತ್ರಿಶಂಕು ಎಂಬ ಮಾತು ಚಿಕ್ಕಂದಿನಿಂದ ಬಾಯಲ್ಲಿತ್ತು, ಅದರ ಅರ್ಥ ಆವತ್ತು ಮೈಗೆ ತಾಕಿತು. ಹೆಂಡತಿಯೂ ಅಲ್ಲ, ವಿಧವೆಯೂ ಅಲ್ಲ. ಅವರ ಮಡಿಲಲ್ಲಿ ಮುಖವಿಟ್ಟು ಅತ್ತೆ. ಆಂಟಿ ನನ್ನ ತಲೆ ಸವರುತ್ತಾ, "ತೂಗುವವನ ಹಗ್ಗ ಬೇರೆಯವರು ಕೊಯ್ದರೆ ಅವ ತಲೆ ಮೇಲೆ ಬೀಳ್ತಾನೆ. ಬಿಚ್ಚುವುದಾದ್ರೆ ನೀನೇ ಬಿಚ್ಚು. ನಿನಗೆ ತೋಚಿದ ದಿನ" ಎಂದರು. ಆ ದಿನ ಟವೆಲ್ ತೆಗೆದ ಮೇಲೆ ಕ್ಷಮೆ ಕೇಳಲು ಮರೆತರು.

ನಾನು ಊರಿಗೆ ಬರುವುದಿಲ್ಲ ಎಂದೆ. ಭಾವ ಬೈಯಲಿಲ್ಲ. ಒಬ್ಬರೇ ಹೋದರು. ಅಲ್ಲಿ ಗೊಂಬೆಯನ್ನು ಸುಟ್ಟರಂತೆ. ಅಲ್ಲಿಂದ ಮುಂದೆ ಊರಿನಲ್ಲಿ ನಮ್ಮವರಿಗೆ ವರ್ಷವರ್ಷ ಪಿಂಡ, ಜೋಗೇಶ್ವರಿಯಲ್ಲಿ ನನ್ನ ಹಣೆಗೆ ಅವರ ಹೆಸರಿನ ಕುಂಕುಮ. ಅರಿಶಿನ ಕುಂಕುಮಕ್ಕೆ ನನ್ನನ್ನು ಕರೆಯಬೇಕೋ ಬೇಡವೋ ಎಂದು ಚಾಳಿನ ಹೆಂಗಸರು ಗುಸುಗುಸು ಮಾಡುತ್ತಿದ್ದರು. ಆಂಟಿಗೆ ಮಾತ್ರ ಆ ಸಂಶಯ ಇರಲಿಲ್ಲ. ಕೇಕಿರಲಿ, ಮೀನು ಬಿಟ್ಟು ಮಾಡಿದ ಸಾರಿರಲಿ, ಮೊದಲು ನಮ್ಮ ಬಾಗಿಲಿಗೇ ಬರುತ್ತಿತ್ತು.

ಆಂಟಿಯ ಕಣ್ಣು ಮಂಜಾದ ಮೇಲೆ ಅವರ ತಂಗಿಯ ಮಗಳು ಬಂದು ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಮಣ್ಣು ಮಾಡಿ ತಿಂಗಳುಗಳಾಗಿದ್ದವು. ಹೆತ್ತ ತಾಯಿಗೆ ಅತ್ತದ್ದಕ್ಕಿಂತ ಹೆಚ್ಚು ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆಂಟಿ ಹೇಳಿದ ಆ ಹಗ್ಗ ಬಿಚ್ಚುವ ದಿನ ನನಗೆ ತೋಚಲೇ ಇಲ್ಲ. ಎಷ್ಟೋ ಸಲ ಸ್ನಾನದ ಹೊತ್ತಿನಲ್ಲಿ ತಾಳಿಯ ಕೊಂಡಿಗೆ ಬೆರಳು ಹೋಗಿದೆ, ಹಾಗೇ ವಾಪಸು ಬಂದಿದೆ. ನಮ್ಮವರು ಇವತ್ತೇ ಬಂದು ಬಾಗಿಲು ತಟ್ಟಿಬಿಟ್ಟರೆ? ಈ ವಯಸ್ಸಿನಲ್ಲಿ ಯಾರು ಬರುತ್ತಾರೆ ಎಂದು ಬುದ್ಧಿಗೆ ಗೊತ್ತು. ಬುದ್ಧಿಯ ಮಾತು ಯಾರು ಕೇಳುತ್ತಾರೆ...

ಮೊಮ್ಮಗಳು ಕಾರ್ಡುಗಳನ್ನು ಒಟ್ಟುಮಾಡಿ ಎದ್ದು ಹೋದಳು. ಒಳಗಿನಿಂದ ಮಗಳು ನನ್ನ ಔಷಧಿ ತಂದಳು. ಕಳೆದ ವಾರ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ನನ್ನ ಕಾಲು ಒತ್ತುತ್ತಾ, ಮುಖ ಎತ್ತದೆ ಕೇಳಿದ್ದಳು: "ಅವ್ವಾ, ಏನರ ಆದ್ರ ನಿನಗ ಹಸರ ಸೀರಿ ಉಡಸಲೋ ಬ್ಯಾಡೋ?" ಮುತ್ತೈದೆಯಾಗಿ ಕಳಿಸಬೇಕೋ, ವಿಧವೆಯಾಗಿಯೋ ಎಂದು ಅದರ ಅರ್ಥ.

ಆ ತೀರ್ಮಾನವನ್ನು ಬೇರೆಯವರ ಕೈಗೆ ಬಿಡಬಾರದು, ಗೊತ್ತಿದೆ. ಆದರೆ ಅವಳಿಗೆ ಇನ್ನೂ ಉತ್ತರ ಹೇಳಿಲ್ಲ.