ಮಗ್ಗ ಏಳುವ ಮುನ್ನ ಒಂದು ಪಿಸುಮಾತು

ದೊಡ್ಡಬಳ್ಳಾಪುರದ ಈ ಬೀದಿಯಲ್ಲಿ ಪವರ್‌ಲೂಮ್‌ಗಳು ಬಾಯಿ ತೆರೆಯಲು ಇನ್ನೂ ಸ್ವಲ್ಪ ಹೊತ್ತಿದೆ. ಜಗುಲಿಯ ಮೇಲೆ ಕೂತ ನೇಕಾರ ಕೊಂಡಪ್ಪನವರ ಬೆನ್ನ ಹಿಂದೆ ನಿಂತಿದ್ದಾರೆ ಭಾಗ್ಯಮ್ಮ. ಅವರ ಒಂದು ಕಿವಿ ಮುಚ್ಚಿಸಿ, ಇನ್ನೊಂದರ ಬಳಿ ಪಿಸುಗುಟ್ಟುತ್ತಾರೆ: "ತ್ಯಾಮಗೊಂಡ್ಲು." ಕೊಂಡಪ್ಪ ಬೀದಿಗೆಲ್ಲ ಕೇಳುವಂತೆ "ತ್ಯಾಮಗೊಂಡ್ಲು!" ಎನ್ನುತ್ತಾರೆ. ಆ ಕಡೆಯ ಕಿವಿಗೆ "ನೆಲಮಂಗಲ." ಅದೂ ಸರಿ.

"ಎರಡೂ ಒಂದೇ ಸಮ ಇದೆ, ಹೋಗಿ ಕಾಫಿ ಕುಡೀರಿ," ಎನ್ನುತ್ತ ಭಾಗ್ಯಮ್ಮ ಬೀದಿಯ ತುದಿಯತ್ತ ಕಣ್ಣು ಹಾಯಿಸುತ್ತಾರೆ. ಮಗ್ಗ ಓಡಿಸುವ ಮುನೀಂದ್ರ ತನ್ನ ಸ್ಕ್ಯಾನ್ ರಿಪೋರ್ಟ್ ತರಬೇಕು. ಅವರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಹಿಂದೆ ನಿಂತೇ ಏಕೆ ಪರೀಕ್ಷಿಸಬೇಕು? ಎದುರಿಗೆ ನಿಂತರೆ ಇಲ್ಲಿ ಯಾರೂ ಕಿವುಡರಲ್ಲ. ಮಗ್ಗದ ಗದ್ದಲದಲ್ಲಿ ದುಡಿದವರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. "ಕಿವಿ ಹೋಗಿರೋದು ಅವ್ರಿಗೇ ಗೊತ್ತಾಗಲ್ಲ. ಗೊತ್ತಾದ್ರೂ ಮಗ್ಗದ್ದು ಅಂತ ಸುಮ್ನಾಗ್ತಾರೆ. ನಾನೂ ಹಂಗೇ ಸುಮ್ನಿದ್ದೆ," ಎನ್ನುತ್ತಾರೆ ಭಾಗ್ಯಮ್ಮ.

ಭಾಗ್ಯಮ್ಮ ನೂಲು ಸುತ್ತುವವರು. ಬಲಗಿವಿ ಮೊದಲು ಗುಂಯ್‌ಗುಟ್ಟಿತು, ಆಮೇಲೆ ಕೇಳಿಸದಾಯಿತು, ಕೊನೆಗೆ ನಡಿಗೆಯೇ ಓಲಾಡತೊಡಗಿತು. ಕಿವಿಯ ಒಳಗಿನಿಂದ ಮೆದುಳಿಗೆ ಹೋಗುವ ನರದ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುವಂಥದ್ದು. ಆದರೆ ಸಿಕ್ಕಿದಾಗ ದೊಡ್ಡದಾಗಿತ್ತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ಕಿವಿ ಉಳಿಯಲಿಲ್ಲ. "ಮಗ್ಗ ಸಾಮಾನ್ಯ ಎರಡು ಕಿವೀನೂ ತಿನ್ನುತ್ತೆ, ಒಂದೇ ಹೋದ್ರೆ ಬೇರೇನಿದೆ ಅಂತ ನೋಡ್ಬೇಕು ಅಂದ್ರು ಡಾಕ್ಟ್ರು. ಅವತ್ತಿಂದ ಹಿಡ್ಕೊಂಡಿದೀನಿ ಈ ಕೆಲಸ."

ಇಂಥ ಗಡ್ಡೆ ಎಷ್ಟು ಜನಕ್ಕೆ ಬರುತ್ತದೆ? ಇವರ ಬಗ್ಗೆ ಬರೆಯಲು ಬಂದ ನನಗೂ ಕುತೂಹಲ. ವರ್ಷಕ್ಕೆ ಲಕ್ಷಕ್ಕೆ ಒಬ್ಬರು ಎನ್ನುವ ಲೆಕ್ಕವಿದೆ, ಮೂರ್ನಾಲ್ಕು ಜನ ಎನ್ನುವ ದೇಶಗಳೂ ಇವೆ. ಸ್ಕ್ಯಾನ್ ಸುಲಭವಾಗಿ ಸಿಗುವ ಕಡೆ ಸಂಖ್ಯೆ ಏರುತ್ತದೆ. ಕೆಲವು ಸಮುದಾಯಗಳಲ್ಲಿ ಕಡಿಮೆಯಂತೆ. ಕಡಿಮೆ ಇರುವುದು ಗಡ್ಡೆಯೋ ಪರೀಕ್ಷೆಯೋ, ಬಲ್ಲವರೂ ಖಚಿತವಾಗಿ ಹೇಳರು. ಈ ಬೀದಿಯನ್ನಂತೂ ಯಾರೂ ಎಣಿಸಿಲ್ಲ.

ಜೊತೆಗೆ ಯಾರೇ ನಡೆದರೂ ಭಾಗ್ಯಮ್ಮ ಅವರನ್ನು ತಮ್ಮ ಎಡಕ್ಕೆ, ಕೇಳುವ ಕಿವಿಯ ಕಡೆಗೆ ಕರೆದುಕೊಳ್ಳುತ್ತಾರೆ. ಮುನೀಂದ್ರನ ಜೊತೆ ಆ ಕಷ್ಟವಿರಲಿಲ್ಲ. "ನಾನು ಹೇಳೋಕೆ ಮುಂಚೆ ಅವ್ನೇ ಎಡಕ್ಕೆ ಬಂದ್ಬಿಡೋನು. ಎಷ್ಟು ಸೂಕ್ಷ್ಮ ಈ ಮನುಷ್ಯ ಅನ್ಕೊಂಡಿದ್ದೆ. ಆಮೇಲೆ ಹೊಳೀತು, ಅವ್ನಿಗೆ ಎಡಗಿವೀನೇ ಕೇಳಲ್ಲ, ಬಲಗಿವಿ ನನ್ನ ಕಡೆ ಇರ್ಲಿ ಅಂತ ಬರ್ತಿದ್ದ!" ಮಗ್ಗ ಬಿಟ್ಟು ಬರಲಾರೆ ಎಂದವನ ಬೆನ್ನು ಬಿಡದೆ, ಮಾಲೀಕರಿಂದ ತಾವೇ ರಜೆ ಕೇಳಿ ಸ್ಕ್ಯಾನಿಗೆ ಕಳಿಸಿದ್ದಾರೆ.

ಅಗೋ, ಮುನೀಂದ್ರ ಬಂದ. ಭಾಗ್ಯಮ್ಮನವರ ಕೈ ಸೆರಗು ಹಿಡಿದುಕೊಳ್ಳುತ್ತದೆ.

"ಗಡ್ಡೆ ಗಿಡ್ಡೆ ಏನಿಲ್ವಂತೆ ಅಕ್ಕ. ನರ ಸೊರಗಿದೆ, ಕಿವಿಗೆ ಮಿಷನ್ ಹಾಕ್ಕೊಳ್ಳಿ ಅಂದ್ರು. ಸುಮ್‌ಸುಮ್ನೆ ಓಡಾಡ್ಸಿದ್ರಲ್ಲ!"

"ಇಲ್ಲ ಅಂತ ಗೊತ್ತಾಯ್ತಲ್ಲೋ, ಸುಮ್ನೆ ಹೆಂಗಾಯ್ತು?" ಎಂದು ಗದರಿಸುವಾಗ ಅವರ ಕಣ್ಣು ತುಂಬಿರುತ್ತದೆ.

ಅಷ್ಟರಲ್ಲಿ ಮೊದಲ ಮಗ್ಗ ಶುರುವಾಗುತ್ತದೆ, ಅದರ ಹಿಂದೆಯೇ ಬೀದಿ ಪೂರ್ತಿ. ಹಾಗಾದರೆ ಈ ಬೀದಿಯಲ್ಲಿ ಗಡ್ಡೆ ಬಂದವರು ನೀವೊಬ್ಬರೇನಾ ಎಂದು ಕೇಳುತ್ತೇನೆ. ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡ ಭಾಗ್ಯಮ್ಮ ನನ್ನನ್ನು ತಮ್ಮ ಎಡಕ್ಕೆ ಎಳೆದುಕೊಂಡು, ನನ್ನ ಕಿವಿಯ ಹತ್ತಿರ ಬಂದು ಹೇಳುತ್ತಾರೆ:

"ನಾನೊಬ್ಳೇ ಆದ್ರೆ ಸಂತೋಷಾನೇ ಸ್ವಾಮಿ. ಆದ್ರೆ ಎಲ್ರ ಕಿವೀನೂ ನೋಡಿದ್ಮೇಲೆ ಒಬ್ಳೇ ಆಗ್ಬೇಕು, ನೋಡ್ದೇ ಅಲ್ಲ."